ಬಿಡುಗಡೆ ಆಯ್ತು, ಆಮೇಲೆ?

ನಮ್ಮ ಕಾಕಾಗೆ ಕುಡಿತದಿಂದ ಬಿಡುಗಡೆಯಾದ ರಾತ್ರಿ ನಾನು ಅಲ್ಲೇ ಇದ್ದೆ. ಆಗ ನನಗೆ ಹನ್ನೊಂದು ವರ್ಷ. ಹುಬ್ಬಳ್ಳಿಯ ಒಂದು ಮೈದಾನದಲ್ಲಿ ಶಾಮಿಯಾನ ಹಾಕಿ ಮೂರು ದಿನದ ಕ್ರೈಸ್ತ ಉಜ್ಜೀವನ ಕೂಟ ಇಟ್ಟಿದ್ದರು. ಅವತ್ತು ಕೊನೆಯ ದಿನ. ಟ್ಯೂಬ್‌ಲೈಟಿಗೆ ಹುಳ ಮುತ್ತಿದ್ದವು. ತಾಡಪತ್ರಿಯ ಮೇಲೆ ಒಂದು ಕಡೆ ಹೆಂಗಸರು, ಒಂದು ಕಡೆ ಗಂಡಸರು. ಬೇರೆ ಊರಿಂದ ಬಂದಿದ್ದ ಪ್ರಸಂಗಿ ಮೈಕ್ ಹಿಡಿದು, "ಕುಡಿತದ ಆತ್ಮವೇ, ಬಿಟ್ಟು ಹೋಗು" ಎಂದು ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದರು. ಕಾಕಾ ಎದ್ದು ಮುಂದೆ ಹೋಗಿ ಮೊಣಕಾಲೂರಿದ. ಅವರು ತಲೆ ಮೇಲೆ ಕೈಯಿಟ್ಟರು. ಕಾಕಾನ ಮೈಯೆಲ್ಲ ನಡುಗಿತು. ಹಾಗೇ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಎದ್ದು ನಮ್ಮ ಕಡೆ ತಿರುಗಿದಾಗ ನನಗೆ ಅವನ ಗುರುತೇ ಸಿಗಲಿಲ್ಲ. ಮುಖ ಅಷ್ಟು ಹಗುರವಾಗಿತ್ತು.

ಅವತ್ತು ಮನೆಗೆ ಬಂದವಳೇ ಚಿಗವ್ವ ಅಡಿಗೆಮನೆಗೆ ಹೋದಳು. ಅವನು ಕುಡಿಯಲು ಅಂತಲೇ ಇಟ್ಟುಕೊಂಡಿದ್ದ ಸ್ಟೀಲ್ ಲೋಟವನ್ನು ತಂದು ಮನೆಮುಂದಿನ ಗಟಾರಕ್ಕೆ ಎಸೆದಳು. ಅದು ಕಲ್ಲಿಗೆ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ.

ಆ ರಾತ್ರಿ ನಡೆದದ್ದು ಸುಳ್ಳು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ದೇವರು ಅವನನ್ನು ಮುಟ್ಟಿದ್ದು ನಿಜ. ಆದರೆ ನಾಲ್ಕು ತಿಂಗಳಾದ ಮೇಲೆ ಕಾಕಾ ಮತ್ತೆ ಕುಡಿದ. ಮೊದಲಿಗಿಂತ ಜಾಸ್ತಿ ಕುಡಿದ. ಹೀಗೆ ಯಾಕಾಯಿತು ಅನ್ನುವ ಪ್ರಶ್ನೆ ಚಿಕ್ಕಂದಿನಿಂದ ನನ್ನ ಜೊತೆಗೇ ಬೆಳೆದಿದೆ. ಬರೆಯಬೇಕು ಅಂತ ಎಷ್ಟೋ ಸಲ ಕೂತು ಎದ್ದಿದ್ದೇನೆ. ಈ ಸಲ ಬರೆದೇ ಏಳುತ್ತೇನೆ.

ನಮ್ಮ ಸಭೆಗಳಲ್ಲಿ ಬಿಡುಗಡೆ ಅನ್ನುವ ಮಾತು ತುಂಬ ಓಡಾಡುತ್ತದೆ. ಬಿಡುಗಡೆ ಕೂಟ, ಬಿಡುಗಡೆ ಪ್ರಾರ್ಥನೆ, "ನನಗೆ ಬಿಡುಗಡೆ ಸಿಕ್ಕಿತು" ಅನ್ನುವ ಸಾಕ್ಷಿ. ಜೈಲಿನಿಂದ ಹೊರಗೆ ಬರುವುದಕ್ಕೂ ಇದೇ ಮಾತು. ಜೈಲಿನ ಬಾಗಿಲು ತೆರೆದ ದಿನ ಹೊರಗೆ ಯಾರೂ ಕಾಯುತ್ತಿರಲಿಲ್ಲ ಅಂತ ಇಟ್ಟುಕೊಳ್ಳಿ. ಆ ಮನುಷ್ಯ ಎಲ್ಲಿಗೆ ಹೋಗಬೇಕು? ತನಗೆ ಗೊತ್ತಿರುವ ಜಾಗಕ್ಕೇ ಹೋಗುತ್ತಾನೆ, ಅಲ್ವಾ?

ಕಾಕಾನ ಆ ನಾಲ್ಕು ತಿಂಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮುಂದಿನ ಭಾನುವಾರ ಅವನು ನಮ್ಮ ಸಭೆಯಲ್ಲಿ ನಿಂತು ಸಾಕ್ಷಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆರಾಧನೆ ಮುಗಿದ ಮೇಲೆ ಹೊರಗೆ ಚಹಾ. ಪ್ಲಾಸ್ಟಿಕ್ ಕಪ್ ಹಿಡಿದು ಜನ ಗುಂಪು ಗುಂಪಾಗಿ ನಿಂತರು. ಬ್ಯಾಂಕಿನವರು ಬ್ಯಾಂಕಿನವರ ಜೊತೆ, ಮಾಸ್ತರರು ಮಾಸ್ತರರ ಜೊತೆ, ಬೀಗರು ಬೀಗರ ಜೊತೆ. ಕಾಕಾ ನಳದ ಹತ್ತಿರ ಒಬ್ಬನೇ ನಿಂತು ಚಹಾ ಕುಡಿದ. ಯಾರೂ ಅವನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. "ದೇವರು ಒಳ್ಳೇದು ಮಾಡಿದ" ಅಂತ ಹೆಗಲು ತಟ್ಟಿ ಮುಂದೆ ಹೋದರು. ಅದರ ಮುಂದಿನ ವಾರವೂ ನಳದ ಹತ್ತಿರವೇ. ಅದರ ಮುಂದಿನ ವಾರವೂ.

ಎಷ್ಟೋ ವರ್ಷದ ಮೇಲೆ ಅವನೇ ನನಗೆ ಹೇಳಿದ. "ಸಂಜೀ ಆರು ಗಂಟೆ ಆತು ಅಂದ್ರ ಎಲ್ಲಿ ಹೋಗಬೇಕು ಅನ್ನೂದ ತಿಳೀತಿರಲಿಲ್ಲ. ಎರಡ ದಿನಾ ನಾನು ಬರಲಿಲ್ಲ ಅಂದ್ರ ಬಾರಿನ ಗೆಳೆಯಾರು ಮನಿಗೆ ಬಂದು ಕೇಳತಿದ್ರು. ಚರ್ಚಿಗೆ ನಾಕ ವಾರ ಹೋಗಲಿಲ್ಲ, ಯಾರೂ ಕೇಳಲಿಲ್ಲ." ಅವನು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ನನಗೇ ತಡೆಯಲಾಗಲಿಲ್ಲ. ಯಾಕೆಂದರೆ ಆ ಚಹಾ ಕುಡಿಯುವ ಗುಂಪಿನಲ್ಲಿ ನಮ್ಮ ಮನೆಯವರೂ ಇದ್ದೆವು. ಅಪ್ಪ ತಮ್ಮ ಗೆಳೆಯರ ಜೊತೆ ನಿಂತಿರುತ್ತಿದ್ದರು. ನಾನು ಹುಡುಗರ ಜೊತೆ ಆಡುತ್ತಿದ್ದೆ.

ಯೇಸುಸ್ವಾಮಿ ಹೇಳಿದ ಒಂದು ಪುಟ್ಟ ಕಥೆ ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ. ದೆವ್ವ ಒಬ್ಬ ಮನುಷ್ಯನನ್ನು ಬಿಟ್ಟು ಹೋಗುತ್ತದೆ. ನೀರಿಲ್ಲದ ಕಡೆಯೆಲ್ಲ ಅಲೆಯುತ್ತದೆ. ಎಲ್ಲೂ ನೆಲೆ ಸಿಗುವುದಿಲ್ಲ. ಹಳೇ ಮನೆಗೇ ಹೋಗಿ ನೋಡೋಣ ಅಂತ ತಿರುಗಿ ಬರುತ್ತದೆ. ಬಂದು ನೋಡಿದರೆ ಮನೆ ಗುಡಿಸಿದೆ, ಅಲಂಕಾರ ಮಾಡಿದೆ, ಆದರೆ ಖಾಲಿ. ತನಗಿಂತ ಕೆಟ್ಟ ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ಬಂದು ಅಲ್ಲೇ ಠಿಕಾಣಿ ಹೂಡುತ್ತದೆ. ಆ ಮನುಷ್ಯನ ಪಾಡು ಮೊದಲಿಗಿಂತ ಕೆಡುತ್ತದೆ.

ಈ ಭಾಗದ ಮೇಲೆ ನಾನು ಕೇಳಿದ ಪ್ರಸಂಗಗಳಲ್ಲಿ ಜಾಸ್ತಿ ಆ ಏಳು ದೆವ್ವಗಳ ಬಗ್ಗೆಯೇ ಇದ್ದವು. ನನಗೆ ಮಾತ್ರ ಆ "ಖಾಲಿ" ಅನ್ನುವ ಮಾತೇ ಕಣ್ಣಿಗೆ ಬೀಳುತ್ತದೆ. ಕಸ ಇದ್ದದ್ದರಿಂದ ಮನೆ ಕೆಡಲಿಲ್ಲ. ಗುಡಿಸಿದ ಕೆಲಸ ಚೆನ್ನಾಗಿಯೇ ಆಗಿತ್ತು. ಒಳಗೆ ದೀಪ ಹಚ್ಚಿ ಕೂರುವವರು ಇರಲಿಲ್ಲ, ಅಷ್ಟೇ. ಕಾಕಾನ ನಾಲ್ಕು ತಿಂಗಳು ಅಂದರೆ ನನಗೆ ಆ ಮನೆಯೇ ನೆನಪಾಗುತ್ತದೆ.

ಸುವಾರ್ತೆಗಳನ್ನು ಈ ಕಣ್ಣಿನಿಂದ ಓದತೊಡಗಿದ ಮೇಲೆ ನನಗೆ ಬೇರೆಯದೇ ಸಂಗತಿಗಳು ಕಾಣತೊಡಗಿದವು. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ನೋಡಿ. ಗೆರಸೇನರ ಸೀಮೆಯ ಆ ಮನುಷ್ಯ ಸಮಾಧಿಗಳ ನಡುವೆ ವಾಸ ಮಾಡುತ್ತಿದ್ದ. ಊರವರು ಸರಪಳಿ ಹಾಕಿ ಕಟ್ಟಿದರೆ ಕಿತ್ತುಕೊಳ್ಳುತ್ತಿದ್ದ. ಹಗಲೂ ರಾತ್ರಿ ಕೂಗುತ್ತಾ ಕಲ್ಲಿನಿಂದ ಮೈ ಗಾಯ ಮಾಡಿಕೊಳ್ಳುತ್ತಿದ್ದ. ಅವನೊಳಗಿದ್ದದ್ದು ಒಂದು ದೆವ್ವವಲ್ಲ, ದೆವ್ವಗಳ ಒಂದು ದಂಡು. ಯೇಸು ಅವನನ್ನು ಬಿಡಿಸಿದಾಗ ಅವು ಸುಮಾರು 2000 ಹಂದಿಗಳೊಳಗೆ ಹೊಕ್ಕು ಹಿಂಡು ಕೆರೆಗೆ ಬಿದ್ದದ್ದು ಎಲ್ಲರಿಗೂ ನೆನಪಿರುತ್ತದೆ. ಊರವರು ಓಡಿ ಬಂದು ನೋಡಿದಾಗ ಅವನು ಬಟ್ಟೆ ಹಾಕಿಕೊಂಡು, ಬುದ್ಧಿ ಸ್ವಾಧೀನದಲ್ಲಿಟ್ಟುಕೊಂಡು ಸುಮ್ನೆ ಕೂತಿದ್ದ. ಅದನ್ನು ನೋಡಿ ಅವರಿಗೆ ಖುಷಿಯಾಗಲಿಲ್ಲ. ಹೆದರಿಕೆಯಾಯಿತು. ಅವನು ಕೂಗುತ್ತಿದ್ದಾಗ ಅವನ ಜೊತೆ ಹೇಗಿರಬೇಕು ಅಂತ ಊರಿಗೆ ಗೊತ್ತಿತ್ತು, ಸರಪಳಿ ಇತ್ತು. ಸುಮ್ಮನೆ ಕೂತವನ ಜೊತೆ ಹೇಗಿರಬೇಕು ಅಂತ ಗೊತ್ತಿರಲಿಲ್ಲ.

ಯೇಸು ದೋಣಿ ಹತ್ತುವಾಗ ಅವನು ಬಂದು, ನಾನೂ ನಿನ್ನ ಜೊತೆ ಬರುತ್ತೇನೆ ಅಂತ ಬೇಡಿಕೊಳ್ಳುತ್ತಾನೆ. ಯಾರು ತಾನೇ ಬೇಡಿಕೊಳ್ಳುವುದಿಲ್ಲ? ಆದರೆ ಯೇಸು ಒಪ್ಪುವುದಿಲ್ಲ. ನಿನ್ನ ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು, ದೇವರು ನಿನಗೆ ಮಾಡಿದ್ದನ್ನು ಅವರಿಗೆ ಹೇಳು ಅನ್ನುತ್ತಾನೆ. ಚಿಕ್ಕಂದಿನಲ್ಲಿ ಇದು ನನಗೆ ಕಟುಕತನ ಅನಿಸುತ್ತಿತ್ತು. ಹೆದರಿದ ಊರಿಗೇ ಅವನನ್ನು ಮತ್ತೆ ಕಳಿಸುವುದಾ? ಈಗ ಅನಿಸುತ್ತದೆ, ಆ ಬಿಡುಗಡೆಯ ಇನ್ನೊಂದು ಅರ್ಧ ಊರಿನ ಒಳಗೇ ಇತ್ತು. ಸಮಾಧಿಯಿಂದ ಮನೆಗೆ ನಡೆದುಹೋಗುವ ದಾರಿ ಅದು. ಅದನ್ನು ಅವನೂ ನಡೆಯಬೇಕಿತ್ತು, ಊರೂ ಬಾಗಿಲು ತೆಗೆಯಬೇಕಿತ್ತು.

ಅದೇ ಅಧ್ಯಾಯದಲ್ಲಿ 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಬರುತ್ತಾಳೆ. ಗುಂಪಿನಲ್ಲಿ ಹಿಂದಿನಿಂದ ಬಂದು ಬಟ್ಟೆ ಮುಟ್ಟಿದ ಕೂಡಲೇ ಅವಳಿಗೆ ವಾಸಿಯಾಯಿತು. ಅಷ್ಟಕ್ಕೇ ಮುಗಿಸಬಹುದಿತ್ತು. ಯೇಸು ಮಾತ್ರ ನಿಂತು, ಮುಟ್ಟಿದವರು ಯಾರು ಅಂತ ಕೇಳಿ, ಎಲ್ಲರ ಎದುರಿಗೆ ಅವಳನ್ನು "ಮಗಳೇ" ಅಂತ ಕರೆದ. ಮೈಲಿಗೆ ಅಂತ ಹೊರಗೆ ಇಟ್ಟಿದ್ದ ಹೆಂಗಸಿಗೆ ನಡುಬೀದಿಯಲ್ಲಿ ಒಂದು ಸಂಬಂಧ ಕೊಟ್ಟ. ಬೇತಾನ್ಯದಲ್ಲಿ ಲಾಜರ ಸಮಾಧಿಯಿಂದ ಎದ್ದು ಬಂದಾಗಲೂ ಹಾಗೇ. ಸತ್ತವನನ್ನು ಕರೆದವನು ಯೇಸು. ಕೈಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚುವ ಕೆಲಸವನ್ನು ಮಾತ್ರ ಸುತ್ತ ನಿಂತಿದ್ದವರಿಗೆ ಬಿಟ್ಟ. ನಾಲ್ಕು ದಿನದ ಹೆಣಕ್ಕೆ ಸುತ್ತಿದ್ದ ಬಟ್ಟೆ. ಮೂಗು ಮುಚ್ಚಿಕೊಂಡು ದೂರ ನಿಂತಿದ್ದವರೇ ಹತ್ತಿರ ಹೋಗಿ ಗಂಟು ಬಿಚ್ಚಬೇಕಿತ್ತು.

ಇಷ್ಟೆಲ್ಲ ಓದುತ್ತಾ ಇದ್ದಾಗ ಒಂದು ನಿಜವಾದ ಕಥೆ ನನ್ನ ಕೈಗೆ ಸಿಕ್ಕಿತು. ಜರ್ಮನಿಯದ್ದು. ಆದರೆ ಅದಕ್ಕೂ ನಮ್ಮ ಹುಬ್ಬಳ್ಳಿ, ಧಾರವಾಡ, ಮಂಗಳೂರಿನ ಚರ್ಚುಗಳಿಗೂ ಒಂದು ದಾರದ ನಂಟಿದೆ.

1834ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಮೊದಲ ಮೂವರು ಮಿಶನರಿಗಳು, ಹೆಬಿಕ್, ಲೆಹ್ನರ್, ಗ್ರೈನರ್, ಮಂಗಳೂರಿಗೆ ಬಂದಿಳಿದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ ಮುಟ್ಟಿದರು. ಅವರು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ತರಬೇತಿ ಪಡೆಯುತ್ತಿದ್ದಾಗ ಅಲ್ಲಿ ಮೇಷ್ಟ್ರಾಗಿದ್ದವರಲ್ಲಿ ಯೋಹಾನ್ ಕ್ರಿಸ್ಟೊಫ್ ಬ್ಲೂಮ್‌ಹಾರ್ಟ್ ಒಬ್ಬರು. 1830ರಿಂದ 1837ರವರೆಗೆ ಅಲ್ಲಿ ಪಾಠ ಹೇಳಿದರು. ಅವರ ಚಿಕ್ಕಪ್ಪನೇ ಆ ಮಿಶನ್ನಿನ ಮೊದಲ ಮುಖ್ಯಸ್ಥರಾಗಿದ್ದವರು. ಜೊತೆಯವರು ಭಾರತಕ್ಕೆ, ಆಫ್ರಿಕಾಕ್ಕೆ ಹಡಗು ಹತ್ತಿದರು. ಬ್ಲೂಮ್‌ಹಾರ್ಟ್ 1838ರಲ್ಲಿ ವುರ್ಟೆಂಬರ್ಗ್ ಸೀಮೆಯ ಮೊಟ್ಲಿಂಗೆನ್ ಅನ್ನುವ ಹಳ್ಳಿಗೆ ಪಾದ್ರಿಯಾಗಿ ಹೋದರು.

ಆ ಹಳ್ಳಿಯಲ್ಲಿ ಗೊಟ್ಲೀಬಿನ್ ಡಿಟ್ಟುಸ್ ಅನ್ನುವ ಹೆಂಗಸಿದ್ದಳು. ಬಡವಳು. ಮದುವೆಯಾಗಿರಲಿಲ್ಲ. ಮೈಯಲ್ಲಿ ಸದಾ ಒಂದಲ್ಲ ಒಂದು ಕಾಯಿಲೆ. 1840ರಲ್ಲಿ ಒಡಹುಟ್ಟಿದವರ ಜೊತೆ ಒಂದು ಬಾಡಿಗೆ ಮನೆಯ ಕೆಳಗಿನ ಭಾಗಕ್ಕೆ ಬಂದಳು. ಅಲ್ಲಿಂದ ಶುರುವಾಯಿತು. ರಾತ್ರಿ ಸದ್ದುಗಳು. ಮೈ ಸೆಟೆದುಕೊಳ್ಳುವುದು. ಬೇರೆ ಯಾರದೋ ದನಿಯಲ್ಲಿ ಮಾತಾಡುವುದು. ಊರಿನವರು ನೋಡಲು ಬಂದು ಕಿಟಕಿಗೆ ಮುಖ ಹಚ್ಚಿ ನಿಲ್ಲತೊಡಗಿದರು. ಬ್ಲೂಮ್‌ಹಾರ್ಟ್‌ಗೆ ಮೊದಮೊದಲು ಅವಳ ಹತ್ತಿರ ಹೋಗಲೂ ಮನಸ್ಸಿರಲಿಲ್ಲ. ಈ ಮಾತನ್ನು ಅವರು ತಾವೇ ಬರೆದಿದ್ದಾರೆ. ಅದಕ್ಕೇ ಅವರ ಮೇಲೆ ನನಗೆ ನಂಬಿಕೆ ಹೆಚ್ಚು.

1842ರ ಬೇಸಿಗೆಯ ಒಂದು ದಿನ ಅವರಿಗೆ ತಡೆಯಲಾಗಲಿಲ್ಲ. ಸೆಟೆದು ಮಲಗಿದ್ದ ಅವಳ ಹತ್ತಿರ ಹೋಗಿ, ಕೈ ಜೋಡಿಸಿ ಪ್ರಾರ್ಥನೆ ಮಾಡು, ಯೇಸುವೇ ಸಹಾಯ ಮಾಡು ಅನ್ನು ಅಂದರು. ಸೈತಾನ ಏನು ಮಾಡುತ್ತಾನೆ ಅಂತ ಬೇಕಾದಷ್ಟು ನೋಡಿಯಾಯಿತು, ಯೇಸು ಏನು ಮಾಡುತ್ತಾನೆ ಅಂತ ಇನ್ನು ನೋಡೋಣ ಅಂದರು. ಅದೇ ಶುರು. ಮುಗಿಯಲು ಒಂದೂವರೆ ವರ್ಷ ಬೇಕಾಯಿತು. ಒಂದೂವರೆ ವರ್ಷ! ಮೂರು ದಿನದ ಕೂಟ ನೋಡಿ ಬೆಳೆದ ನನಗೆ ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂರಬೇಕು ಅನಿಸಿತು. ಅಷ್ಟೂ ಕಾಲ ಅವರು ಹೋಗುತ್ತಲೇ ಇದ್ದರು. ಒಬ್ಬರೇ ಹೋಗುತ್ತಿರಲಿಲ್ಲ, ಊರಿನ ಮುಖ್ಯಸ್ಥರಂಥ ಸಾಕ್ಷಿಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಡಾಕ್ಟರರೂ ನೋಡುತ್ತಿದ್ದರು. ವೇದಿಕೆ ಇರಲಿಲ್ಲ. ಪ್ರಚಾರ ಇರಲಿಲ್ಲ. ಪ್ರಾರ್ಥನೆ, ಉಪವಾಸ, ಮತ್ತೆ ಪ್ರಾರ್ಥನೆ.

1843ರ ಡಿಸೆಂಬರ್ 28ರ ನಡುರಾತ್ರಿ ದಾಟಿದ ಮೇಲೆ ಅವಳ ಸಹೋದರಿ ಕಟಾರೀನಾಳ ಬಾಯಿಂದ ದೊಡ್ಡ ಕೂಗೊಂದು ಬಂತು. ಯೇಸುವೇ ಜಯಶಾಲಿ ಅನ್ನುವ ಕೂಗು. ಅಲ್ಲಿಗೆ ಆ ಕಾಟ ನಿಂತಿತು. ಈ ಕೂಗಿನ ಬಗ್ಗೆ ಆಮೇಲೆ ದೊಡ್ಡ ದೊಡ್ಡ ದೇವಶಾಸ್ತ್ರಿಗಳು ಬರೆದಿದ್ದಾರೆ. ಇದು ಮನೋರೋಗ ಅಂತ ಹೇಳುವ ವೈದ್ಯರೂ ಇದ್ದಾರೆ. ಅವರ ಜೊತೆ ಜಗಳಕ್ಕೆ ನಾನು ಹೋಗುವುದಿಲ್ಲ. ನನ್ನ ಕಣ್ಣು ನೆಟ್ಟಿರುವುದು ಅದರ ಮಾರನೇ ದಿನದಿಂದ ನಡೆದದ್ದರ ಮೇಲೆ.

ಮಾರನೇ ದಿನದಿಂದ ಗೊಟ್ಲೀಬಿನ್ ಒಬ್ಬಂಟಿಯಾಗಿ ಉಳಿಯಲಿಲ್ಲ. ಬ್ಲೂಮ್‌ಹಾರ್ಟ್ ಮತ್ತು ಅವರ ಹೆಂಡತಿ ಡೋರಿಸ್ ಅವಳನ್ನು ತಮ್ಮ ಮನೆಗೇ ಸೇರಿಸಿಕೊಂಡರು. ಊರು ಕಿಟಕಿಯಲ್ಲಿ ಇಣುಕಿ ನೋಡಿದ್ದ ಆ ಹೆಂಗಸಿನ ಕೈಗೆ ಊರಿನ ಚಿಕ್ಕ ಮಕ್ಕಳನ್ನು ಕೊಟ್ಟರು. ಅವಳು ಮಕ್ಕಳ ಶಾಲೆಯಲ್ಲಿ ಕಲಿಸಿದಳು. ಸ್ವಲ್ಪ ಯೋಚನೆ ಮಾಡಿ ನೋಡಿ. ನಿನ್ನೆಯವರೆಗೆ ದೆವ್ವ ಹಿಡಿದವಳು ಅನಿಸಿಕೊಂಡವಳ ಹತ್ತಿರ ಇವತ್ತು ನಿಮ್ಮ ಮಗುವನ್ನು ಬಿಟ್ಟು ಬರುತ್ತೀರಾ? ಆ ಊರಿನ ತಾಯಂದಿರು ಬಿಟ್ಟರು.

1852ರಲ್ಲಿ ಬ್ಲೂಮ್‌ಹಾರ್ಟ್ ಬಾಡ್ ಬೋಲ್ ಅನ್ನುವಲ್ಲಿ ಗಂಧಕದ ನೀರಿನ ಸ್ನಾನಕ್ಕೆ ಕಟ್ಟಿಸಿದ್ದ ದೊಡ್ಡ ಕಟ್ಟಡವನ್ನು ಕೊಂಡುಕೊಂಡರು. ನೊಂದವರು, ಕಾಯಿಲೆಯವರು ಬಂದು ಇರಲಿ ಅಂತ ಅದನ್ನು ಮನೆ ಮಾಡಿದರು. ಗೊಟ್ಲೀಬಿನ್ ಅವರ ಜೊತೆ ಅಲ್ಲಿಗೂ ಹೋದಳು. ಅಲ್ಲೇ ಮದುವೆಯಾದಳು, ಗಂಡುಮಕ್ಕಳ ತಾಯಿಯಾದಳು. ಮನಸ್ಸಿನ ಕಾಯಿಲೆಯಿಂದ ಬಂದವರನ್ನು ನೋಡಿಕೊಳ್ಳುವುದರಲ್ಲಿ ಅವಳದ್ದು ಎತ್ತಿದ ಕೈ. 1872ರಲ್ಲಿ ತೀರಿಕೊಳ್ಳುವವರೆಗೂ ಆ ಮನೆಯವಳಾಗಿಯೇ ಇದ್ದಳು. ಬಿಡುಗಡೆಗೆ ಒಂದೂವರೆ ವರ್ಷ. ಜೊತೆಗಿದ್ದದ್ದು 28 ವರ್ಷ.

ಮೊಟ್ಲಿಂಗೆನ್‌ನಲ್ಲಿ ಇನ್ನೂ ಒಂದು ನಡೆಯಿತು. 1844 ಶುರುವಾದ ಹೊತ್ತಿಗೆ, ಒರಟ ಅಂತ ಹೆಸರಾಗಿದ್ದ ಒಬ್ಬ ಗಂಡಸು ಪಾದ್ರಿಯ ಬಾಗಿಲಿಗೆ ಬಂದ. ತನ್ನ ಪಾಪಗಳನ್ನೆಲ್ಲ ಹೇಳಿಕೊಂಡು ಕ್ಷಮೆಯ ಮಾತು ಕೇಳಿಸಿಕೊಂಡು ಹೋದ. ಅವನ ಹಿಂದೆ ಇನ್ನೊಬ್ಬ. ಕೆಲವೇ ತಿಂಗಳಲ್ಲಿ ಊರಿನ ಬಹುಪಾಲು ಜನ ಹೀಗೆ ಬಂದು ಹೋದರು. ಕದ್ದದ್ದನ್ನು ತಿರುಗಿ ಕೊಟ್ಟರು, ಮುರಿದ ಮನೆಗಳು ಕೂಡಿದವು. ಗೊಟ್ಲೀಬಿನ್ ಒಬ್ಬಳಿಗೇ ದೆವ್ವ ಅಂದುಕೊಂಡಿದ್ದ ಊರು ತನ್ನ ದೆವ್ವವನ್ನೂ ಒಪ್ಪಿಕೊಂಡಿತು. ಅವಳಿಗೆ ಆ ಊರಲ್ಲಿ ಜಾಗ ಸಿಕ್ಕಿದ್ದಕ್ಕೆ ಇದೂ ಕಾರಣ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಎಲ್ಲರೂ ಕ್ಷಮೆ ಬೇಡಿ ಬಂದವರೇ ಆದಾಗ, ನಳದ ಹತ್ತಿರ ಒಬ್ಬನೇ ನಿಲ್ಲುವವನು ಯಾರೂ ಇರುವುದಿಲ್ಲ.

ಬಾಡ್ ಬೋಲ್‌ನ ಆ ಮನೆಯಲ್ಲೂ ಎಲ್ಲರಿಗೂ ಜಾಗ ಸಿಕ್ಕಿತು ಅಂತ ಹೇಳಲಾರೆ. ಬ್ಲೂಮ್‌ಹಾರ್ಟ್ 1880ರಲ್ಲಿ ತೀರಿಕೊಂಡ ಮೇಲೆ ಮಗ ಬಾಡ್ ಬೋಲ್ ನೋಡಿಕೊಂಡರು. 1892ರಲ್ಲಿ ಶಾಲೆಯಿಂದ ಓಡಿಹೋಗಿ ಕಂಗೆಟ್ಟಿದ್ದ 14 ವರ್ಷದ ಒಬ್ಬ ಹುಡುಗನನ್ನು ಅಪ್ಪ ಅಮ್ಮ ಅಲ್ಲಿಗೆ ಸೇರಿಸಿದರು. ಆ ಅಪ್ಪ ಬಾಸೆಲ್ ಮಿಶನ್ನಿನವರಾಗಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕೆಲಸ ಮಾಡಿದವರು. ಅಮ್ಮ ಹುಟ್ಟಿದ್ದು ತಲಶ್ಶೇರಿಯಲ್ಲಿ, ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಅವರ ಮಗಳು. ಹುಡುಗ ಅಲ್ಲಿ ಸಾಯಲು ಹೊರಟ. ಕೆಲವೇ ವಾರಗಳಲ್ಲಿ ಅವನನ್ನು ಬೇರೆ ಸಂಸ್ಥೆಗೆ ಸಾಗಿಸಿದರು. ಹೆರ್ಮನ್ ಹೆಸ್ಸೆ ಅಂತ ಅವನ ಹೆಸರು. 1946ರಲ್ಲಿ ಸಾಹಿತ್ಯದ ನೊಬೆಲ್ ಬಂದದ್ದು ಅವನಿಗೇ. ಅಷ್ಟು ಪ್ರೀತಿಯ ಮನೆಗೂ ಆ ಮಗುವನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಇತ್ತ ನಮ್ಮ ನಾಡಿನಲ್ಲಿ ಅದೇ 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಊರಲ್ಲಿ ದೊಡ್ಡ ಗದ್ದಲವಾಯಿತು. ದೀಕ್ಷಾಸ್ನಾನ ಕೊಟ್ಟ ಹೆರ್ಮನ್ ಮೊಗ್ಲಿಂಗ್ ಅವರೇ ಹಿಂದಿನ ವರ್ಷ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದ್ದವರು. ಕೌಂಡಿನ್ಯರು ಅವರ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು, ಅವರ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷೇಕ ಪಡೆದು ಬಂದರು. ಓದಿದವರಿಗೆ ಹೀಗೆ ಒಂದು ದಾರಿ ಸಿಕ್ಕಿತು. ಬಡವರ ಕಥೆ ಬೇರೆ. ದೀಕ್ಷಾಸ್ನಾನ ಆದ ದಿನವೇ ಅವರಿಗೆ ಮನೆ, ಕುಲ, ಕೆಲಸ ಮೂರೂ ಹೋಗುತ್ತಿತ್ತು. ಬಾವಿಯ ನೀರೂ ಸಿಗುತ್ತಿರಲಿಲ್ಲ.

ನಾವು ಶಾಲೆಯಲ್ಲಿ ಬಾಸೆಲ್ ಮಿಶನ್ ಅಂದರೆ ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆ ಅಂತ ಕಲಿತೆವು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾದದ್ದು ಪರೀಕ್ಷೆಗೆ ಬರುವ ಪ್ರಶ್ನೆ. ಆದರೆ ಆ ಮಗ್ಗ, ಆ ಹಂಚು ಬಂದದ್ದೇ ಈ ಕಾರಣಕ್ಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಹಳೇ ಊರು ಹೊರಗೆ ಹಾಕಿದವರಿಗೆ ಹೊಸ ಊರು ಬೇಕಿತ್ತು. ಬರೀ ಆರಾಧನೆಗೆ ಜಾಗ ಕೊಟ್ಟರೆ ಸೋಮವಾರ ಅನ್ನಕ್ಕೆ ಏನು ಮಾಡಬೇಕು? ನಮ್ಮ ಮುತ್ತಜ್ಜನೂ ಮಿಶನ್ನಿನ ಮಗ್ಗದ ಮುಂದೆ ಕೂತವನೇ. ಆ ವ್ಯವಸ್ಥೆಯಲ್ಲಿ ದೊರೆಗಳ ದರ್ಬಾರೂ ಇತ್ತು, ಕಟ್ಟುಪಾಡು ಬಹಳ ಇತ್ತು. ಮದುವೆ ಮಾತು ಬಂದಾಗ ಹಳೇ ಕುಲದ ಲೆಕ್ಕ ಇವತ್ತಿಗೂ ನಮ್ಮ ಮನೆಗಳ ಒಳಗೆ ಪಿಸುಗುಡುತ್ತದೆ. ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಆದರೂ ಆ ಹಿರಿಯರು ಒಂದು ವಿಷಯ ತಿಳಿದುಕೊಂಡಿದ್ದರು. ಬಿಡಿಸಿಕೊಂಡು ಬಂದವನ ಕೈಗೆ ಒಂದು ಕೆಲಸ ಕೊಡಬೇಕು.

ನಮ್ಮ ಸಭೆಯಲ್ಲೂ ಇದನ್ನು ತಿಳಿದಿದ್ದವರು ಒಬ್ಬರಿದ್ದರು. ಚರ್ಚಿನ ಬಾಗಿಲು ತೆಗೆದು ಗಂಟೆ ಹೊಡೆಯುತ್ತಿದ್ದ ಅಜ್ಜ. ನಾವು ಹುಡುಗರು ಗಂಟೆ ಅಜ್ಜ ಅನ್ನುತ್ತಿದ್ದೆವು.

ಕಾಕಾ ಎರಡನೇ ಸಲ ಬಿಟ್ಟದ್ದು ಯಾವ ಕೂಟದಲ್ಲೂ ಅಲ್ಲ. ಲಿವರ್ ಕೆಟ್ಟು ಆಸ್ಪತ್ರೆ ಸೇರಿದ. ಡಾಕ್ಟರು ಮಾತ್ರೆ ಕೊಟ್ಟರು, ಕೂರಿಸಿಕೊಂಡು ಮಾತಾಡಿದರು. ಒಮ್ಮೆಲೇ ಬಿಟ್ಟರೆ ಮೈ ನಡುಗಿ ಜೀವಕ್ಕೇ ಅಪಾಯ ಆಗಬಹುದು, ಅದಕ್ಕೆ ಔಷಧಿ ಬೇಕೇ ಬೇಕು ಅಂತ ಚಿಗವ್ವನಿಗೆ ತಿಳಿಸಿ ಹೇಳಿದರು. ಕುಡಿತ ಬಿಟ್ಟವರ ಗುಂಪಿಗೂ ಹೋಗು ಅಂದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಆ ಗುಂಪು ಹುಟ್ಟಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಊರಿನಲ್ಲಿ, ಇಬ್ಬರು ಕುಡುಕರು ಒಬ್ಬರ ಮುಂದೆ ಒಬ್ಬರು ಕೂತು ಮಾತಾಡಿದ್ದರಿಂದ. ಅಲ್ಲಿ ಯಾರೂ ಮೇಲಿಲ್ಲ, ಯಾರೂ ಕೆಳಗಿಲ್ಲ. ಕಾಕಾ ಅಲ್ಲಿಗೆ ಹೋಗುತ್ತಿದ್ದ. ಆದರೆ ಚರ್ಚಿಗೆ ಬರಲು ಮಾತ್ರ ಅವನಿಗೆ ಮುಖವಿರಲಿಲ್ಲ. ಒಂದು ಸಲ ಸಾಕ್ಷಿ ಹೇಳಿ ಚಪ್ಪಾಳೆ ತಟ್ಟಿಸಿಕೊಂಡವನು ಮತ್ತೆ ಯಾವ ಬಾಯಿಂದ ಒಳಗೆ ಹೋಗಬೇಕು?

ಒಂದು ಶನಿವಾರ ಸಂಜೆ ಗಂಟೆ ಅಜ್ಜ ನಮ್ಮ ಮನೆಗೆ ಬಂದರು. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಅಜ್ಜ ಕೂರಲೂ ಇಲ್ಲ. ಕೋಟಿನ ಕಿಸೆಯಿಂದ ಚಾವಿ ಗೊಂಚಲು ತೆಗೆದರು.

"ನಾಳೆ ನನಗ ಊರಿಗೆ ಹೋಗೂದೈತಿ. ಚರ್ಚಿನ ಬಾಗಲಾ ನೀನ ತಗಿ. ಬೆಂಚ್ ವರಸು. ಎಂಟಕ್ಕ ಗಂಟಿ ಹೊಡಿ."

ಕಾಕಾ ಕೈ ಚಾಚಲಿಲ್ಲ. "ಅಜ್ಜಾರ, ನಾನು ಎಂಥಾವ ಅಂತ ನಿಮಗ ಗೊತ್ತೈತಲ್ರಿ."

"ಗೊತ್ತೈತಿ. ದೊಡ್ಡ ಚಾವಿ ಬಾಗಲದ್ದು. ಸಣ್ಣದು ಹಾಡಿನ ಪುಸ್ತಕದ ಕಪಾಟಿಂದು. ಅದು ಒಂಚೂರು ಎಡಕ್ಕ ಒತ್ತಿ ತಿರುವಬೇಕು, ಇಲ್ಲಾಂದ್ರ ಬರೂದಿಲ್ಲ."

ಅಷ್ಟೇ ಹೇಳಿ ಚಾವಿಯನ್ನು ಕಟ್ಟೆಯ ಮೇಲಿಟ್ಟು ಹೋದರು.

ಮಾರನೇ ದಿನ ಕಾಕಾ ಐದು ಗಂಟೆಗೇ ಎದ್ದಿದ್ದ. ನಾನೂ ಜೊತೆಗೆ ಹೋದೆ. ಬೆಂಚುಗಳನ್ನು ಒಂದೊಂದಾಗಿ ಒರೆಸಿದ. ಪಾದ್ರಿ ಅಯ್ಯನವರು ಕೊಟ್ಟ ಚೀಟಿ ನೋಡಿ ಹಾಡಿನ ನಂಬರುಗಳನ್ನು ಗೋಡೆಯ ಬೋರ್ಡಿಗೆ ಹಾಕಿದ. ಮರದ ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕಿಗಳು. ಎರಡು 6 ಬೇಕಿತ್ತು, ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ. ತಡಕಾಡಿ ಒಂದು 9 ತೆಗೆದು ತಲೆಕೆಳಗು ಮಾಡಿ ಸಿಗಿಸಿ, ನನ್ನ ಕಡೆ ನೋಡಿ ನಕ್ಕ. ಗಂಟೆಯ ಹಗ್ಗ ಹಿಡಿದಾಗ ಮಾತ್ರ ಅವನ ಕೈ ನಡುಗುತ್ತಿತ್ತು.

ಊರಿಗೆ ಹೋಗುತ್ತೇನೆ ಅಂದಿದ್ದ ಅಜ್ಜ ಎಂಟೂವರೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಚಾವಿ ಕೇಳಲಿಲ್ಲ. ಮುಂದಿನ ವಾರವೂ ಕೇಳಲಿಲ್ಲ. ಜನಕ್ಕೂ ಕಾಕಾನ ಹತ್ತಿರ ಮಾತಾಡಲು ಒಂದು ನೆವ ಸಿಕ್ಕಿತು. ಫ್ಯಾನ್ ಹಾಕು, ಪುಸ್ತಕ ಕೊಡು, ಸುಗ್ಗಿ ಹಬ್ಬದ ಹರಾಜಿಗೆ ಬಂದ ತೆಂಗಿನಕಾಯಿ ಎಲ್ಲಿ ಇಡೋಣ. ಚಿಕ್ಕ ಚಿಕ್ಕ ಮಾತು. ಚಹಾ ಕುಡಿಯುವಾಗ ಅವನು ನಳದ ಹತ್ತಿರ ನಿಲ್ಲುವುದು ನಿಂತಿತು. ಯಾಕೆಂದರೆ ಕೆಟಲ್ ಹಿಡಿದು ಎಲ್ಲರ ಕಪ್ಪಿಗೆ ಚಹಾ ಹಾಕುತ್ತಾ ಓಡಾಡುತ್ತಿದ್ದವನು ಅವನೇ.

ಏಳು ತಿಂಗಳು ಹೀಗೆ ಹೋಯಿತು. ಆಮೇಲೆ ಒಂದು ಮದುವೆಯ ರಾತ್ರಿ ಕಾಕಾ ಮತ್ತೆ ಕುಡಿದ.

ಎರಡು ದಿನ ಹೊರಗೆ ಬರಲಿಲ್ಲ. ಮೂರನೇ ದಿನ ಸೈಕಲ್ಲಿನ ಮುಂದಿನ ಸರಳಿನ ಮೇಲೆ ನನ್ನನ್ನು ಕೂರಿಸಿಕೊಂಡು ಅಜ್ಜನ ಮನೆಗೆ ಹೊರಟ. ಒಬ್ಬನೇ ಹೋಗಲು ಅವನಿಗೆ ಧೈರ್ಯ ಇರಲಿಲ್ಲ ಅಂತ ಈಗ ಗೊತ್ತಾಗುತ್ತದೆ. ಆಗ ನನಗೆ ಹದಿನಾಲ್ಕು, ಸರಳಿನ ಮೇಲೆ ಕೂರುವ ವಯಸ್ಸಲ್ಲ. ದಾರಿಯುದ್ದಕ್ಕೂ ಅವನ ಕಿಸೆಯಲ್ಲಿ ಚಾವಿ ಸದ್ದು ಮಾಡುತ್ತಿತ್ತು.

ಅಜ್ಜ ಅಂಗಳದಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದರು. ಕಾಕಾ ಗೊಂಚಲನ್ನು ಮುಂದೆ ಹಿಡಿದ.

"ಇದನ್ನ ತಗೋರಿ ಅಜ್ಜಾರ. ನನ್ನ ಕಡಿಂದ ಆಗೂದಿಲ್ಲ."

ಅಜ್ಜ ತಲೆ ಎತ್ತಿ ಅವನ ಮುಖ ನೋಡಿದರು. ವಾಸನೆ ಇನ್ನೂ ಹೋಗಿರಲಿಲ್ಲ. ಅವರಿಗೆ ಎಲ್ಲ ಗೊತ್ತಾಗಿತ್ತು. ಮತ್ತೆ ಎಣ್ಣೆ ತಿಕ್ಕತೊಡಗಿದರು.

"ನನ್ನ ಮಣಕಾಲ ನೋಡು. ಆ ಮೆಟ್ಟಲಾ ಹತ್ತೂದ ಆಗವಲ್ದು. ಚಾವಿ ಇಸ್ಕೊಂಡು ನಾ ಏನ್ ಮಾಡ್ಲಿ?" ಅಂದರು. "ಡಾಕ್ಟರ ಹತ್ರ ಹೋಗಿ ಬಾ. ಐತ್ವಾರ ಎಂಟಕ್ಕ."

ಕಾಕಾ ತುಂಬ ಹೊತ್ತು ನಿಂತೇ ಇದ್ದ. ಅಜ್ಜ ಬೇರೆ ಮಾತಾಡಲಿಲ್ಲ, ಪ್ರಾರ್ಥನೆಯನ್ನೂ ಮಾಡಲಿಲ್ಲ. ಒಳಗಿನಿಂದ ಅಜ್ಜಿ ಎರಡು ಲೋಟ ಚಹಾ ತಂದು ನಮ್ಮಿಬ್ಬರ ಕೈಗೆ ಕೊಟ್ಟರು. ಸ್ಟೀಲ್ ಲೋಟ. ಕುಡಿದು ತಿರುಗಿ ಬಂದೆವು. ಚಾವಿ ಕಿಸೆಯಲ್ಲೇ ಇತ್ತು.

ಆ ಭಾನುವಾರ ನಮ್ಮ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಕಾಕಾ ನಸುಕಿಗೇ ಎದ್ದು ಹೋಗಿದ್ದ. ಚರ್ಚಿಗೇ ಹೋದನೋ, ಬೇರೆ ಎಲ್ಲಾದರೂ ಹೋದನೋ ಕೇಳಲು ಯಾರಿಗೂ ಬಾಯಿ ಬರಲಿಲ್ಲ. ನಾವು ಬಟ್ಟೆ ಹಾಕಿಕೊಂಡು ಸುಮ್ನೆ ಕೂತೆವು. ಗೋಡೆ ಗಡಿಯಾರದಲ್ಲಿ ಎಂಟಾಯಿತು. ಎಂಟೂ ಐದಾಯಿತು. ಚಿಗವ್ವ ಬೈಬಲ್ಲನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ಎಂಟೂ ಹತ್ತಕ್ಕೆ, ಎರಡು ಓಣಿ ಆಚೆಯಿಂದ, ಗಂಟೆ ಹೊಡೆಯಿತು.

ಅವ್ವ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಗಂಟಿ ಆತು, ನಡೀರಿ" ಅಂದಳು.